ಬಾಯಲ್ಲಿ ವಿಮಾನ ಹಾರಿಸಿದವರು

ನನ್ನನ್ನು ನೋಡಲು ಬಂದ ಗಂಡು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಬಾಯಲ್ಲೇ ವಿಮಾನ ಹಾರಿಸಿದರು. ಇದನ್ನು ಹೇಳಿದರೆ ಈಗಿನ ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. ಆವತ್ತು ನನಗೆ ನಗು ಬರಲಿಲ್ಲ. ಈ ಮನುಷ್ಯ ಏನೋ ಮುಚ್ಚಿಡುತ್ತಿದ್ದಾನೆ ಎಂದು ಮಾತ್ರ ಅನ್ನಿಸಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಮಸರಕಲ್‌ನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ದಿನಾ ದೇವದುರ್ಗದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮ ಕೂಲಿ ಮನೆತನದಲ್ಲಿ ಬಳಪ ಹಿಡಿದವಳು ನಾನೇ ಮೊದಲು, ಹಾಜರಿ ಪುಸ್ತಕ ಹಿಡಿದವಳೂ ನಾನೇ. ಅಪ್ಪ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಯವ್ವ ಮತ್ತು ನಾನು, ಇಬ್ಬರೇ.

ನೌಕರಿಯ ಹುಡುಗಿ ಎಂದ ಮೇಲೆ ಗಂಡುಗಳು ತಾವಾಗಿಯೇ ಬರುತ್ತಿದ್ದವು. ಮೊದಲು ಬಂದವನು ಅಂಚೆ ಕಚೇರಿಯ ಗುಮಾಸ್ತ ಎಂದು ಹೇಳಿಕೊಂಡಿದ್ದ. ಅವನು ಹೇಳಿದ ಊರಿನ ಅಂಚೆ ಕಚೇರಿಗೇ ಹೋಗಿ ಒಂದು ಕಾರ್ಡು ಕೊಂಡು ವಿಚಾರಿಸಿದೆ. ಅಂಥ ಗುಮಾಸ್ತನೇ ಅಲ್ಲಿರಲಿಲ್ಲ. ಎರಡನೆಯವನಿಗೆ ಯಾದಗಿರಿಯಲ್ಲಿ ಆಗಲೇ ಒಬ್ಬ ಹೆಂಡತಿ ಇದ್ದಳು. ನಮ್ಮ ಕಡೆ ಇಂಥ ವಿಚಾರಣೆಯನ್ನು ಹುಡುಗಿಯ ಸೋದರಮಾವನೋ ಅಣ್ಣನೋ ಮಾಡುತ್ತಾರೆ. ಗಂಡಿನ ಊರಿಗೆ ಹೋಗಿ ಚಹಾದಂಗಡಿಯಲ್ಲಿ ಕುಳಿತು, ಬೇರೆ ಯಾವುದೋ ಕೆಲಸಕ್ಕೆ ಬಂದವರಂತೆ ಮಾತಿಗೆ ಮಾತು ತೆಗೆದು ಬೇರು ಕೀಳುತ್ತಾರೆ. ನನಗೆ ಅಣ್ಣನೂ ಇರಲಿಲ್ಲ, ಮಾವನೂ ಇರಲಿಲ್ಲ. ಹೀಗಾಗಿ ನನ್ನ ಗಂಡನ್ನು ನಾನೇ ವಿಚಾರಿಸಿಕೊಳ್ಳಬೇಕಾಗಿತ್ತು. "ನಿನ್ನ ಹೊಟ್ಟ್ಯಾಗ ಪೊಲೀಸ್ ಠಾಣೆ ಅದ ನೋಡು," ಎಂದು ಯವ್ವ ಬೈಯುತ್ತಿದ್ದಳು.

ಮೂರನೆಯವರು ಈ ವಿಮಾನದವರು. ಜೊತೆಗೆ ಬಂದವರು ಅವರ ಸೋದರಮಾವ ಒಬ್ಬರೇ. ಮೂವತ್ತನಾಲ್ಕರ ಆಸುಪಾಸಿನ ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿನಲ್ಲಿ ಮಾತ್ರ ಎಷ್ಟು ತೊಳೆದರೂ ಹೋಗದ ಗ್ರೀಸ್. ವಾಯುಸೇನೆಯಲ್ಲಿ ಹದಿನೈದು ವರ್ಷ ಇಂಜಿನ್ ಫಿಟರ್ ಆಗಿದ್ದು ಬಂದಿದ್ದಾನೆ, ಈಗ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಇಂಜಿನ್ ಮೇಸ್ತ್ರಿ ಎಂದು ಮಾವ ಪರಿಚಯ ಹೇಳಿದರು. ನಾನು ಚಹಾ ಕೊಟ್ಟು, ರೂಢಿಯಂತೆ ತಲೆ ಬಗ್ಗಿಸಿಕೊಂಡೇ ಕೇಳಿದೆ.

"ಅಂಥಾ ನೌಕರಿ ಯಾಕ ಬಿಟ್ಟು ಬಂದ್ರಿ?"

ಅವರು ಚಹಾ ಊದಿಕೊಂಡು ಕುಡಿಯುತ್ತಿದ್ದರು. ಉತ್ತರ ಕೊಟ್ಟವರು ಮಾವ. "ಮುದ್ದತ್ ಮುಗೀತವ್ವಾ. ಹದಿನೈದು ವರ್ಷದ ಕರಾರು ಇರ್ತದ."

"ಯಾವ್ಯಾವ ಊರಾಗ ಇದ್ರಿ?"

ಮತ್ತೆ ಮಾವನೇ. "ಆಗ್ರಾ, ಪುಣಾ, ಮತ್ತ ಆಸ್ಸಾಮ ಕಡಿ. ಬಾಳ ತಿರುಗ್ಯಾನ."

ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ನನ್ನ ಸಂಶಯಕ್ಕೆ ಇಷ್ಟು ಸಾಕಾಯಿತು. ತನ್ನ ನೌಕರಿಯ ಬಗ್ಗೆ ತಾನೇ ಬಾಯಿ ಬಿಡದ ಗಂಡಸು ಎಲ್ಲಾದರೂ ಇದ್ದಾನೆಯೇ? ಕಲಿಸಿಕೊಟ್ಟ ಪಾಠ ಮರೆತುಹೋಗಿದೆ, ಅದಕ್ಕೇ ಮಾವ ಹೇಳಿಕೊಡುತ್ತಿದ್ದಾರೆ ಎಂದುಕೊಂಡೆ.

ಅಷ್ಟರಲ್ಲಿ ಯವ್ವ ಅವರ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕುಳಿತಳು. ಆಕೆಯದು ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ರೂಢಿಯಾದ ಬಾಯಿ. "ಯಪ್ಪಾ, ಇಮಾನ ಹತ್ರದಿಂದ ಹೆಂಗ ಕೂಗ್ತದ? ನಮಗ ಮ್ಯಾಲ ಹೋಗೋದು ಅಷ್ಟ ಕಾಣ್ತದ."

ಅವರ ಮುಖ ಅರಳಿತು. ಲೋಟ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿದರು. "ಇದು ಹಾರ್ವರ್ಡ್. ಪೈಲಟ್ ಹುಡುಗರಿಗಿ ಕಲಸೋ ವಿಮಾನ. ಒಂದ ಇಂಜಿನ್," ಎಂದು ಶುರುಮಾಡಿದರು. ಕುಂಯ್ ಎಂದು ಸಣ್ಣಗೆ ಎದ್ದ ದನಿ ಏರುತ್ತ ಏರುತ್ತ ನನ್ನ ಹಲ್ಲು ಜುಮ್ಮೆನ್ನುವಷ್ಟಾಯಿತು. ಒಂದು ಕೈಯೆತ್ತಿ, "ಇದು ಸ್ಟಾರ್ಟರಿನ ಗಾಲಿ," ಎಂದರು. ಆಮೇಲೆ ಖೊಕ್ ಎಂದು ಒಂದು ಕೆಮ್ಮು. ಸ್ವಲ್ಪ ತಡೆದು ಎರಡು ಕೆಮ್ಮು. ಇನ್ನೇನು ನಿಂತೇಹೋಯಿತು ಎನ್ನುವಾಗ ಭಡ್, ಭಡ್ ಎಂದು ಎಡವಿ, ಭಡಭಡ ಹಿಡಿದುಕೊಂಡು ಕೊನೆಗೆ ಗಂಟಲ ತುಂಬ ಗುಡುಗಿತು. ಅಂಗಳದ ಕೋಳಿಗಳು ಹಿತ್ತಲಿಗೆ ಓಡಿದವು. ಯವ್ವ ಎರಡೂ ಕೈ ಗಲ್ಲಕ್ಕಿಟ್ಟುಕೊಂಡು "ಅಬಬಾ!" ಎಂದಳು.

ಆಮೇಲೆ ಡಕೋಟಾ, ಎರಡು ಇಂಜಿನ್ನಿನದು. ಒಂದು ಇಂಜಿನ್ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಹಿಂದೆ ಬಿದ್ದರೂ ವ್ಹೂಂ, ವ್ಹೂಂ ಎಂದು ದನಿ ಏರಿ ಇಳಿಯುತ್ತದಂತೆ. ಕೊನೆಗೆ ಲಿಬರೇಟರ್ ಎಂಬ ನಾಲ್ಕು ಇಂಜಿನ್ನಿನ ಬಾಂಬು ಹಾಕುವ ವಿಮಾನ. ಹಳೆಯ ಮಹಾಯುದ್ಧದ್ದು, ಸೇನೆಗೆ ಸೇರಿದ ಹೊಸತರಲ್ಲಿ ತಾನು ಕೈ ಹಚ್ಚಿದ್ದು, ಈಗ ಒಂದನ್ನು ದಿಲ್ಲಿಯ ವಿಮಾನ ಸಂಗ್ರಹಾಲಯದಲ್ಲಿ ನಿಲ್ಲಿಸಿದ್ದಾರೆ ಎಂದರು. ಅದರ ದನಿಯನ್ನು ಮೂಗಿನೊಳಗಿನಿಂದ, ದಟ್ಟವಾಗಿ ತೆಗೆದರು.

ನಾನು ತಲೆಯೆತ್ತಿ ನೇರ ಮುಖ ನೋಡಿದೆ. "ಡಕೋಟಾ, ಲಿಬರೇಟರ್ ಎರಡೂ ಒಂದ ಥರ ಅದಾವಲ್ರಿ."

ಸಿಕ್ಕಿಬಿದ್ದ ಎಂದುಕೊಂಡಿದ್ದೆ. ಅವರು ನಕ್ಕರು. "ಬರೋಬ್ಬರಿ ಹಿಡದ್ರಿ ಟೀಚರ್. ಇಂಜಿನ್ ಒಂದ ಜಾತಿದು. ಅದಕ್ಕ ಎರಡು, ಇದಕ್ಕ ನಾಕು. ಇದರಾಗ ಹೊಗಿ ಇನ್ನೊಂದು ಗಾಲಿ ತಿರುಗಿಸಿ ಹೊರಗ ಬರ್ತದ, ಅದಕ್ಕ ದನಿ ಜರಾ ಮೆತ್ತಗ."

ಕೇಳಲು ಚೆನ್ನಾಗಿತ್ತು. ಆದರೆ ಸುಳ್ಳುಗಾರರೂ ಚೆನ್ನಾಗಿಯೇ ಮಾತಾಡುತ್ತಾರೆ. ಇಡೀ ರಾಯಚೂರು ಜಿಲ್ಲೆಯಲ್ಲಿ ಲಿಬರೇಟರ್ ಕೇಳಿದ ಕಿವಿ ಯಾವುದಿತ್ತು, ಹೋಗಿ ಸಾಕ್ಷಿ ಕೇಳುವುದಕ್ಕೆ? ಸಾಕ್ಷಿ ಇಲ್ಲದ ಕಡೆ ನೋಡಿ ಸುಳ್ಳು ಹೇಳುವುದೂ ಒಂದು ಜಾಣತನವೇ. ಹೊತ್ತು ಮುಳುಗುವ ಮೊದಲು ಅವರಿಬ್ಬರೂ ಹೊರಟರು. ಯವ್ವ ಆಗಲೇ ಸೋತುಹೋಗಿದ್ದಳು. "ಎಂಥಾ ಹುಡುಗ! ಮನಿ ತುಂಬ ಇಮಾನ ತುಂಬಿ ಹ್ವಾದ," ಎಂದಳು. "ಮೊದಲು ಇಂಜಿನ್ ನೋಡಿ ಬರ್ತೀನಿ ತಡಿ," ಎಂದೆ.

ಹದಿನೈದು ದಿನ ಬಿಟ್ಟು ಒಂದು ರಜೆಯ ದಿನ ಅರ್ಧ ಚೀಲ ಭತ್ತ ಸಂಪಾದಿಸಿ ಬಸ್ಸಿಗೆ ಹಾಕಿಕೊಂಡು ಮಾನ್ವಿಗೆ ಹೋದೆ. ಹಳೇ ಸೀರೆ ಉಟ್ಟಿದ್ದೆ. ಗಿರಣಿಯ ಮಾಲೀಕರು ವಿಭೂತಿ ಹಚ್ಚಿಕೊಂಡ ದೊಡ್ಡ ಆಸಾಮಿ, ಬಾಗಿಲ ಬಳಿ ಗಾದಿಯ ಮೇಲೆ ಕುಳಿತಿದ್ದರು.

"ಎಲ್ಲಿಂದ ಬಂದಿಯವ್ವಾ?"

"ಕಲ್ಲೂರಿಂದ್ರಿ. ನೆಲ್ಲು ಹಾಕಿಸಬೇಕಿತ್ತು."

ಚೀಲದ ಗಾತ್ರ ನೋಡಿ ಅವರು ನನ್ನ ಮುಖ ನೋಡಿದರು. ಅಷ್ಟು ಭತ್ತವನ್ನು ಹಳ್ಳಿಯ ಹೆಂಗಸರು ಮನೆಯಲ್ಲೇ ಕುಟ್ಟಿಕೊಳ್ಳುತ್ತಾರೆ ಎಂದು ನನಗೆ ಆಗ ಹೊಳೆಯಿತು. ಮಾಲೀಕರು ಸರದಿಯಲ್ಲಿ ಕೂರಲು ಹೇಳಿದರು.

ಇಂಜಿನ್ ಮನೆ ಪಕ್ಕದಲ್ಲೇ ಇತ್ತು. ಕರೆಂಟು ನೆಚ್ಚಿಕೊಳ್ಳುವಂತಿರದ ಕಾಲ, ದೊಡ್ಡ ಡೀಸೆಲ್ ಇಂಜಿನ್ ಧಗ್ ಧಗ್ ಎಂದು ನೆಲ ನಡುಗಿಸುತ್ತಿತ್ತು. ನಮ್ಮ ವಿಮಾನದವರು ಅದರ ಮೈಗೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ತುದಿ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಹಚ್ಚಿಕೊಂಡು ನಿಂತಿದ್ದರು. ಡಾಕ್ಟರು ಎದೆ ನೋಡಿದ ಹಾಗೆ ಇಂಜಿನ್ನಿನ ಒಂದೊಂದು ಜಾಗ ನೋಡಿದರು. ಆಮೇಲೆ ಕೈಯೆತ್ತಿ ಇಂಜಿನ್ ನಿಲ್ಲಿಸಿಬಿಟ್ಟರು. ಭತ್ತ ಸುರಿಯುತ್ತಿದ್ದ ಹಮಾಲರು ಗೊಣಗಿದರು. ಮಾಲೀಕರು ಒದರಿದರು. "ಮತ್ತ ನಿಲ್ಲಿಸಿದೇನು? ಏನಾಗ್ಯದ ಅದಕ್ಕ?" ಇವರು ತಿರುಗಿ ಕೂಡ ನೋಡದೆ ಒಂದು ಮುಚ್ಚಳ ಬಿಚ್ಚಿ, ಒಳಗಿನಿಂದ ಸವೆದ ಬೇರಿಂಗ್ ತೆಗೆದು ಒಂದು ಕಡೆ ಇಟ್ಟರು.

ಅಲ್ಲಿಗೆ ಒಂದು ಸಂಶಯ ಹೋಯಿತು. ಇಷ್ಟು ಸೂಕ್ಷ್ಮವಾಗಿ ಇಂಜಿನ್ನಿನ ನಾಡಿ ಹಿಡಿಯುವವನು ಖರೇ ಫಿಟರ್. ಆದರೆ ನನ್ನಂಥವಳಿಗೆ ಒಂದು ಸಂಶಯ ಹೋದರೆ ಇನ್ನೊಂದು ಬರುತ್ತದೆ. ಮಾಲೀಕರು ಒದರಿದಾಗ ಅವರ ತಲೆ ಯಾಕೆ ಅಲುಗಲಿಲ್ಲ? ಇಂಜಿನ್ ನಿಂತಿತ್ತು, ಗಿರಣಿ ಸ್ತಬ್ಧವಾಗಿತ್ತು. ನಾನು ಎದ್ದು ಇಂಜಿನ್ ಮನೆಯ ಬಾಗಿಲಿಗೆ ಹೋಗಿ, ಗೋಡೆಗೆ ಒರಗಿಸಿದ್ದ ಹಿತ್ತಾಳೆಯ ಅಳತೆ ಸೇರನ್ನು ಕೈತಪ್ಪಿದಂತೆ ಕಲ್ಲು ಹಾಸಿನ ಮೇಲೆ ಬೀಳಿಸಿದೆ. ಠಣ್ ಎಂದ ಸದ್ದಿಗೆ ಹಮಾಲರು ಬೆಚ್ಚಿ ನೋಡಿದರು. ಐದಡಿ ದೂರದಲ್ಲಿ ನನಗೆ ಬೆನ್ನು ಮಾಡಿ ಕುಳಿತಿದ್ದ ಅವರು ಬೋಲ್ಟು ತಿರುಗಿಸುತ್ತಲೇ ಇದ್ದರು.

ಪಡಸಾಲೆಯಲ್ಲಿ ಮಾವ ಯಾಕೆ ಉತ್ತರ ಕೊಟ್ಟರು, ಯವ್ವ ಎದುರಿಗೆ ಕುಳಿತಾಗ ಮಾತ್ರ ಮುಖ ಯಾಕೆ ಅರಳಿತು ಎಲ್ಲವೂ ತಿಳಿಯಿತು. ಈ ಮನುಷ್ಯನಿಗೆ ಕಿವಿ ಕೇಳುವುದಿಲ್ಲ. ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾನೆ, ಎಲುಬಿಗೆ ಬರುವ ನಡುಕದಿಂದ ಇಂಜಿನ್ ತಿಳಿದುಕೊಳ್ಳುತ್ತಾನೆ.

ಅಲ್ಲಿಗೇ ಬಾಯಿ ಮುಚ್ಚಿಕೊಂಡು ಊರಿಗೆ ಬರಬಹುದಿತ್ತು. ಒಲ್ಲೆ ಎಂದು ಹೇಳಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಪಕ್ಕಾ ಆಗುವ ತನಕ ನನಗೆ ತಡೆಯದು. ಅಕ್ಕಿ ತೆಗೆದುಕೊಂಡು ಹೊರಡುವಾಗ ಮಾಲೀಕರ ಹತ್ತಿರ ನಿಂತು, ಸುಮ್ಮನೆ ಮಾತಿಗೆ ಕೇಳಿದ ಹಾಗೆ ಕೇಳಿದೆ.

"ನಿಮ್ಮ ಇಂಜಿನ್ ಮೇಸ್ತ್ರಿಗಿ ಕಿವಿ ಮಂದ ಏನ್ರಿ ಯಪ್ಪಾ?"

"ಏ, ಎಲ್ಲಿ ಕಿವಿ ಮಂದ! ಸೊಕ್ಕು ಅವಗ. ಮಿಲಿಟರಿ ಸೊಕ್ಕು," ಎಂದು ಅವರು ನಕ್ಕರು. ನಗುತ್ತಲೇ ಇಂಜಿನ್ ಮನೆಯ ಕಡೆ ನೋಡಿದರು. ನಗು ನಿಂತಿತು. ಅವರ ತಲೆಯಲ್ಲಿ ನಾನು ಹುಳ ಬಿಟ್ಟಾಗಿತ್ತು.

ಬಸ್ಸಿನಲ್ಲಿ ಬರುವಾಗ ನಾನು ಮಾಡಿದ್ದೇನೆಂದು ಹೊಳೆಯಿತು. ಕಿವಿ ಕೇಳದವನು ಹರಿದಾಡುವ ಬೆಲ್ಟುಗಳ ನಡುವೆ ಕೆಲಸ ಮಾಡುತ್ತಿದ್ದಾನೆ ಎಂದು ತಿಳಿದರೆ ಯಾವ ಮಾಲೀಕ ಇಟ್ಟುಕೊಂಡಾನು? ಕೇಳಬಾರದಿತ್ತು. ಕೇಳಿಬಿಟ್ಟಿದ್ದೆ. ಯವ್ವನಿಗೆ ಮಾನ್ವಿಯ ಸುದ್ದಿಯನ್ನೇ ಹೇಳಲಿಲ್ಲ. ಜಾಲಹಳ್ಳಿಯಲ್ಲಿ ಗೆಳತಿಯ ಮನೆಗೆ ಹೋಗಿದ್ದೆ, ಅಕ್ಕಿ ಅವಳು ಕೊಟ್ಟಳು ಎಂದು ಸುಳ್ಳು ಹೇಳಿದೆ. ಊರವರ ಸುಳ್ಳನ್ನೆಲ್ಲ ಹೆಕ್ಕಿ ಹೆಕ್ಕಿ ತೆಗೆಯುವವಳ ಬಾಯಲ್ಲಿ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ನನಗೇ ಅಸಹ್ಯವಾಯಿತು.

ಮುಂದಿನ ವಾರ ಅವರಿಬ್ಬರೂ ಮತ್ತೆ ಬಂದರು. ಮಾವನ ಮುಖ ಕಪ್ಪಿಟ್ಟಿತ್ತು. "ಯಕ್ಕಾ, ನಿಮ್ಮ ಮುಂದ ಮುಚ್ಚಿಡಬಾರದಾಗಿತ್ತು," ಎಂದು ಯವ್ವನಿಗೆ ಎಲ್ಲ ಹೇಳಿದರು. ವರ್ಷಗಟ್ಟಲೆ ಇಂಜಿನ್ನಿನ ಬಾಯಿಗೆ ನಿಂತು ಹುಡುಗನ ಕಿವಿ ಹೋಗಿವೆ. ಸೇನೆಯಲ್ಲಿ ವೈದ್ಯರ ಪರೀಕ್ಷೆಯಲ್ಲಿ ನಪಾಸಾಗಿ ಬಿಡಬೇಕಾಯಿತು. ಗಿರಣಿಯಲ್ಲೂ ಮುಚ್ಚಿಟ್ಟೇ ಕೆಲಸಕ್ಕೆ ಸೇರಿದ್ದ. ಯಾರೋ ಒಬ್ಬ ಹೆಣ್ಣುಮಗಳು ಬಂದು ಮಾಲೀಕರ ಕಿವಿಗೆ ಹಾಕಿ ಹೋದಳು. ಮಾಲೀಕರು ಹಿಂದಿನಿಂದ ಕರೆದು ನೋಡಿದರು, ಮೂರು ಸಲ ಕರೆದರು, ಮರುದಿನ ಕೆಲಸದಿಂದ ತೆಗೆದರು. "ಈಗ ನೌಕರಿನೂ ಇಲ್ಲ. ನೀವು ಬ್ಯಾಡ ಅಂದ್ರ ನಮಗೇನೂ ಬ್ಯಾಸರಿಲ್ಲ."

ನಾನು ಒಳಗೆ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಯವ್ವನಿಗೆ ಸಿಟ್ಟು ಬಂದದ್ದು ಆ ಕಾಣದ ಹೆಣ್ಣಿನ ಮೇಲೆ. ಗಂಡಿನ ಕಿವಿಯ ಹತ್ತಿರ ಬಾಯಿಟ್ಟು ಓಣಿಗೆಲ್ಲ ಕೇಳುವ ಹಾಗೆ ಒದರಿದಳು. "ಯಾವ ಹಾಳ ಮೂಳೀನೋ ಯಪ್ಪಾ ಅಕಿ! ಅಕಿ ಬಾಯಾಗ ಮಣ್ಣ ಬೀಳಲಿ!" ಅವರು ಏನೂ ತಿಳಿಯದೆ ಯವ್ವನ ಕೆನ್ನೆ ಮಾತ್ರ ನೋಡುತ್ತ ಕುಳಿತಿದ್ದರು. ಮಾವ ಅವರ ಪರವಾಗಿ ಮತ್ತೆ ಏನೋ ಹೇಳತೊಡಗಿದರು. ಇಬ್ಬರ ನಡುವೆ ಅವರು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟುಹೋದ ಗಂಟಿನಂತೆ ಇದ್ದರು.

ನನಗೆ ನೋಡಲಾಗಲಿಲ್ಲ. ಒಳಗಿನಿಂದ ಬಂದು, ಬಾಗಿಲ ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಅವರ ಎದುರಿಗೆ ಕುಳಿತೆ.

"ನಮಗ ಮೊದಲ ಯಾಕ ಹೇಳ್ಲಿಲ್ರಿ?" ಎಂದು ನಿಧಾನವಾಗಿ ಕೇಳಿದೆ.

ಅವರು ನನ್ನ ತುಟಿಯನ್ನೇ ನೋಡಿ, "ಹೇಳಿದ್ರ ಯಾರು ಹೆಣ್ಣು ಕೊಡ್ತಿದ್ರು?" ಎಂದರು.

"ಆ ವಿಮಾನದ ದನಿ?"

"ಅವೆಲ್ಲ ಕಿವಿ ಇದ್ದಾಗ ಕೇಳಿದ್ದು. ಮರತಬಿಟ್ರ ಇನ್ನ ಎಲ್ಲೂ ಸಿಗಂಗಿಲ್ಲ. ಅದಕ್ಕ ಆಗಾಗ ತಗದು ನೋಡ್ಕೋತೀನಿ."

ನಾನು ಅಲ್ಲೇ, ಯವ್ವನ ಮುಖವನ್ನೂ ನೋಡದೆ, ಆಗಲಿ ಎಂದೆ. ಕರುಣೆ ಎನ್ನಬೇಡಿ. ತಪ್ಪಿನ ಭಯ ಇತ್ತು, ನಿಜ. ಇನ್ನೊಂದು ಲೆಕ್ಕಾಚಾರವೂ ಇತ್ತು. ಸುಳ್ಳು ಸಿಕ್ಕಿಬಿದ್ದ ಗಂಡಸು, ಸುಳ್ಳು ಇನ್ನೂ ಸಿಕ್ಕದ ಗಂಡಸಿಗಿಂತ ವಾಸಿ ಎಂದು ನನ್ನ ಸಂಶಯದ ತಲೆಯೇ ಹೇಳಿತು. ಮತ್ತೆ ಆ ದನಿಗಳು ಮೂರು ವಾರದಿಂದ ನನ್ನ ತಲೆಯಿಂದ ಹೋಗಿರಲೇ ಇಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ಮದುವೆಯಾಗಿ ರಾಯಚೂರಿನಲ್ಲಿ ಮನೆ ಮಾಡಿದೆವು. ನನಗೆ ಅಲ್ಲಿಗೇ ವರ್ಗವಾಯಿತು. ಮೊದಲ ಒಂದು ವರ್ಷ ಅವರಿಗೆ ಯಾರೂ ಕೆಲಸ ಕೊಡಲಿಲ್ಲ. ಇಂಜಿನ್ ಹಿಡಿದ ಕೈಯಲ್ಲಿ ಗಂಜ್‌ನ ಧಾನ್ಯದ ಪೇಟೆಯಲ್ಲಿ ಚೀಲ ಹೊತ್ತರು. ಸಂಜೆ ಬಂದು ಬೆನ್ನಿಗೆ ಬಿಸಿನೀರು ಹಾಕು ಎಂದು ಕೂರುತ್ತಿದ್ದರು. ನೀರು ಹಾಕುವಾಗೆಲ್ಲ ಆ ಹಿತ್ತಾಳೆ ಸೇರಿನ ಸದ್ದು ನನ್ನ ಕಿವಿಯಲ್ಲಿ ಬೀಳುತ್ತಿತ್ತು. ಬೆನ್ನು ನನ್ನ ಕಡೆ ಇರುತ್ತಿತ್ತಲ್ಲ, ಎಷ್ಟೋ ಸಲ ಬಾಯಿಬಿಟ್ಟು ಹೇಳಿದ್ದೇನೆ. "ನಾನ ರೀ ಅಕಿ," ಎಂದು ಹೇಳಿ, ಅವರಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲೇ ಮುಂದಿನ ತಂಬಿಗೆ ಎತ್ತಿದ್ದೇನೆ. ಆಮೇಲೆ ಹಳ್ಳಿಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತ ಹೆಸರು ಮಾಡಿದರು, ಸೈಕಲ್ ಹೋಗಿ ಲೂನಾ ಬಂತು, ಒಬ್ಬ ಮಗಳೂ ಹುಟ್ಟಿದಳು. ನನ್ನ ಅಂಜಿಕೆ ಮಾತ್ರ ಕರಗಲಿಲ್ಲ. ಮಾನ್ವಿ ಕಡೆಯವರು ಯಾರಾದರೂ ಮನೆಗೆ ಬಂದರೆ ನಾನು ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನಮ್ಮವರು ಸುಮ್ಮನೆ ನನ್ನ ಮುಖ ನೋಡಿದರೂ, ಗೊತ್ತಾಯಿತೇ, ಯಾರಾದರೂ ಹೇಳಿದರೇ ಎಂದು ಲೆಕ್ಕ ಹಾಕುತ್ತಿದ್ದೆ. ಗೊತ್ತಾದ ದಿನ ಈ ಮನುಷ್ಯ ಮನೆ ಬಿಟ್ಟು ಹೋಗುತ್ತಾರೆ ಎಂದೇ ನಂಬಿದ್ದೆ.

ಅವರು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದೇ ವಿಮಾನ ತೆಗೆಯುತ್ತಿದ್ದರು. ಪಾತ್ರೆ ತೊಳೆಯುತ್ತ ಕೇಳಿ ಕೇಳಿ ನನಗೂ ಎಲ್ಲ ಬಾಯಿಪಾಠವಾಯಿತು. ಆದರೂ ಒಳಗೊಂದು ಕೊಂಕು ಇದ್ದೇ ಇತ್ತು. ಹತ್ತು ವರ್ಷದ ಹಿಂದೆ ಕೇಳಿದ್ದು ಹಾಗೇ ಉಳಿದಿರುತ್ತದೆಯೇ? ಕಿವಿಯಿಲ್ಲದವರು ತಮ್ಮ ದನಿ ಸರಿಯಿದೆಯೋ ಇಲ್ಲವೋ ಹೇಗೆ ತಿಳಿದಾರು? ವರ್ಷ ವರ್ಷಕ್ಕೆ ಅದು ಬೇರೆಯಾಗುತ್ತ ಹೋಗಿ, ಈಗ ಇರುವುದು ಅವರು ಕಟ್ಟಿಕೊಂಡ ವಿಮಾನ ಮಾತ್ರ ಇರಬೇಕು ಎಂದುಕೊಳ್ಳುತ್ತಿದ್ದೆ.

ಎಂಬತ್ತರ ದಶಕದ ನಡುವೆ ನನಗೆ ಸರಕಾರಿ ರಜಾ ಪ್ರವಾಸದ ಸವಲತ್ತು ಸಿಕ್ಕಿತು. ಶಾಲೆಯ ಬೇರೆ ಟೀಚರುಗಳು ಕಾಶಿ, ತಿರುಪತಿ ಎಂದರು. ನಾನು ದಿಲ್ಲಿ ಎಂದೆ. ಮಗಳನ್ನು ದೇವದುರ್ಗದಲ್ಲಿ ಯವ್ವನ ಹತ್ತಿರ ಬಿಟ್ಟು, ರಾಯಚೂರಿನಲ್ಲಿ ರೈಲು ಹತ್ತಿದೆವು. ನಾನು ಅವರನ್ನು ಖುಷಿಪಡಿಸಲು ಕರೆದುಕೊಂಡು ಹೊರಟೆ ಎಂದು ಊರವರು ತಿಳಿದರು. ಒಳಗೆ ಅದೇ ಹಳೇ ಠಾಣೆ ಕೆಲಸ ಮಾಡುತ್ತಿತ್ತು. ಸಾಕ್ಷಿ ಸಿಗುವ ಒಂದೇ ಜಾಗ ಅದು.

ಸಂಗ್ರಹಾಲಯದ ದೊಡ್ಡ ತಗಡಿನ ಶೆಡ್ಡಿನಲ್ಲಿ ಹಳೆಯ ಯುದ್ಧವಿಮಾನಗಳು ಮಧ್ಯಾಹ್ನ ಕೊಟ್ಟಿಗೆಯಲ್ಲಿ ನಿಂತ ಎಮ್ಮೆಗಳ ಹಾಗೆ ಸುಮ್ಮನೆ ನಿಂತಿದ್ದವು. ಅಷ್ಟು ಇಂಜಿನ್ ಇರುವ ಜಾಗದಲ್ಲಿ ಕೇಳುತ್ತಿದ್ದುದು ನೋಡುವವರ ಚಪ್ಪಲಿ ಸದ್ದು ಮಾತ್ರ. ಅವರು ಒಂದೊಂದರ ಮುಂದೆ ನಿಂತು, ಅದರದರ ದನಿಯನ್ನು ಗಂಟಲಲ್ಲೇ ಸಣ್ಣಗೆ ತೆಗೆದು ಮುಂದೆ ಹೋದರು. ಅಲ್ಲಿನ ಕಾವಲುಗಾರನಿಗೆ ಗುಮಾನಿ ಬಂತು. ಇವರು ಮೂರು ಹೆಜ್ಜೆ ಇಟ್ಟರೆ ಅವನೂ ಮೂರು ಹೆಜ್ಜೆ. ನನ್ನದೇ ಸಂಶಯದ ಜಾತಿಯ ಮನುಷ್ಯ ಎಂದು ನನಗೆ ಅವನ ಮೇಲೆ ಸಿಟ್ಟೇ ಬಂತು. ಲಿಬರೇಟರ್ ಮುಂದೆ ಹಲಗೆ ಹಾಕಿದ್ದರು. ನಾನು ಅದರ ಅಕ್ಷರಕ್ಕೆ ಅಕ್ಷರ ಓದಿದೆ. ಇಂಜಿನ್ ನಾಲ್ಕು. ಡಕೋಟಾದ ಹಲಗೆಗೆ ವಾಪಸು ಹೋಗಿ ಓದಿದೆ. ಇಂಜಿನ್ ಎರಡು, ಜಾತಿ ಒಂದೇ.

ಆ ದಿನ ಅಲ್ಲಿ ಏನೋ ವಿಶೇಷವಿತ್ತು. ಹೊರಗೆ ಒಂದು ಹಳೆಯ ಹಾರ್ವರ್ಡ್ ನಿಲ್ಲಿಸಿ, ಜನರಿಗೆ ಕೇಳಿಸಲೆಂದು ಅದರ ಇಂಜಿನ್ ಚಾಲೂ ಮಾಡುತ್ತಾರೆಂದು ಗೊತ್ತಾಯಿತು. ಅವರು ಮದುವೆಗೆ ಹೊರಟವರಂತೆ ತಲೆ ಬಾಚಿಕೊಂಡು ಬಂದು ಹಗ್ಗದ ಹತ್ತಿರ ನಿಂತರು. ನಾನು ಪಕ್ಕದಲ್ಲಿ, ಕಿವಿ ನಿಮಿರಿಸಿಕೊಂಡು.

ಕುಂಯ್ ಎಂದು ಸಣ್ಣಗೆ ಎದ್ದಿತು. ಏರಿತು, ಏರಿತು, ನನ್ನ ಹಲ್ಲು ಜುಮ್ಮೆಂದಿತು. ಖೊಕ್ ಎಂದು ಒಂದು ಕೆಮ್ಮು, ಒಂದಿಷ್ಟು ನೀಲಿ ಹೊಗೆ. ತಡೆದು, ಎರಡು ಕೆಮ್ಮು. ಇನ್ನೇನು ನಿಂತೇಹೋಯಿತು. ಇಲ್ಲ, ಈಗ ಎಡವುತ್ತದೆ ನೋಡು ಎಂದು ನಾನು ಮನಸ್ಸಿನಲ್ಲಿ ಅನ್ನುವುದಕ್ಕೂ ಅದು ಭಡ್, ಭಡ್ ಎಂದು ಎಡವುವುದಕ್ಕೂ ಸರಿಹೋಯಿತು. ಆಮೇಲೆ ಭಡಭಡ ಹಿಡಿದುಕೊಂಡು ಗುಡುಗಿತು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ನಮ್ಮ ಪಡಸಾಲೆಯ ವಿಮಾನ, ನಮ್ಮ ಭಾನುವಾರದ ವಿಮಾನ. ಅದನ್ನು ಜೀವಮಾನದಲ್ಲಿ ಮೊದಲ ಸಲ ಕೇಳುತ್ತಿದ್ದೆ, ಆದರೂ ಪೂರ್ತಿ ಗುರುತಿತ್ತು.

ಅವರು ನನ್ನ ಕಡೆ ತಿರುಗಿದರು. ಎದೆಯ ಮೇಲೆ ಅಂಗೈ ಒತ್ತಿಕೊಂಡಿದ್ದರು. "ಇಲ್ಲಿ ಗುದ್ದತದ, ಅಷ್ಟ. ಸ್ಟಾರ್ಟರ್ ದನಿ ಬಂತೇನು? ನಾ ತಗಿಯೋದು ಸರಿ ಅದ ಏನು?" ಸಣ್ಣ ಹುಡುಗ ಪರೀಕ್ಷೆಯ ಫಲಿತಾಂಶ ಕೇಳಿದ ಹಾಗೆ ಕೇಳಿದರು.

"ಬರೋಬ್ಬರಿ ಅದ ರೀ," ಎಂದೆ. "ನೀವು ಹೆಂಗ ತಗೀತೀರೋ ಹಂಗ."

ಅವರ ಕಣ್ಣು ತುಂಬಿ ಬಂದವು. ಮುಖ ವಿಮಾನದ ಕಡೆ ತಿರುಗಿಸಿಕೊಂಡರು. ನನಗೆ ಆಗ ಆದ ನಾಚಿಕೆ ಯಾವತ್ತೂ ಆಗಿರಲಿಲ್ಲ. ಇಷ್ಟು ವರ್ಷ ಈ ಮನುಷ್ಯ ತನ್ನ ಕಿವಿಯಿಂದ ಹೋದದ್ದನ್ನು ಚೂರೂ ಕೆಡದ ಹಾಗೆ ಕಾಯ್ದಿಟ್ಟಿದ್ದರು, ನಾನು ಪಾತ್ರೆ ತೊಳೆಯುತ್ತ ಅದಕ್ಕೂ ಪುರಾವೆ ಕೇಳಿದ್ದೆ. ಹೇಳಿಬಿಡಬೇಕು, ಇನ್ನು ತಡೆಯಲಾರೆ ಅನ್ನಿಸಿತು. ಆದರೆ ನನ್ನ ಹೇಡಿತನ ಎಷ್ಟು ಗಟ್ಟಿ ನೋಡಿ. ಹೊಗೆಗೆ ಅಡ್ಡ ಹಿಡಿದವಳ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಆ ಗುಡುಗಿನ ಒಳಗೆ ನಿಂತು ಹೇಳಿದೆ. "ಮಾನ್ವಿ ಗಿರಣ್ಯಾಗ ನಿಮ್ಮ ಕಿವಿ ಬಗ್ಗೆ ಕೇಳಿದಾಕಿ ನಾನ ರೀ. ನಿಮ್ಮ ಕೆಲಸ ಕಳದಾಕಿ ನಾನ. ಚೀಲ ಹೊರಸಿದಾಕಿ ನಾನ."

ಇಂಜಿನ್ ನಿಂತಿತು. ಮೂತಿಯ ಪಂಖ ಇನ್ನೊಂದೆರಡು ಸುತ್ತು ತಿರುಗಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಅವರು ನನ್ನನ್ನೇ ನೋಡುತ್ತಿದ್ದರು.

"ಸೆರಗ ತಗದು ಹೇಳು," ಎಂದರು.

"ಏನಿಲ್ಲ ರೀ."

"ಸೆರಗು ಅಳ್ಳಾಡಾಕತ್ತಿತ್ತು. ಏನೋ ಅಂದಿ. ತಗದು ಹೇಳು."

ತೆಗೆದೆ. ಸುತ್ತ ಮಂದಿ ಇದ್ದರು, ದನಿ ತೆಗೆಯಲಿಲ್ಲ. ತುಟಿ ಮಾತ್ರ ಅಲುಗಿಸಿ, ಒಂದೊಂದೇ ಮಾತು ಬಿಡಿಸಿ ಎಲ್ಲ ಹೇಳಿದೆ. ಭತ್ತದ ಚೀಲ, ಕಲ್ಲೂರೆಂದು ಹೇಳಿದ ಸುಳ್ಳು, ಬೀಳಿಸಿದ ಸೇರು, ಮಾಲೀಕರಿಗೆ ಕೇಳಿದ ಮಾತು.

"ಗೊತ್ತದ," ಎಂದರು.

"ಯಾವಾಗಿಂದ?"

"ಅಂದಿನಿಂದ. ನೀ ಚೀಲ ಇಳಿಸುವಾಗ ನಾ ಕಿಡಕ್ಯಾಗ ನಿಂತಿದ್ದೆ. ಹೆಣ್ಣು ನೋಡಿ ಹದಿನೈದ ದಿನ ಆಗಿತ್ತು, ಮಾರಿ ಮರೀತೀನೇನು?"

"ಮತ್ತ ಯಾಕ ಮದಿವಿ ಆದ್ರಿ?"

"ಮಾಮಗೂ ಹೇಳದ ಜಗಳಾಡಾಕ ಬಂದಿದ್ದೆ. ನಿಮ್ಮವ್ವನ ಮುಂದ ಎಲ್ಲ ಹೇಳಿ ನಿನ್ನ ಮಾರಿ ತೆಳಗ ಮಾಡಬೇಕಂತ ಬಂದಿದ್ದೆ. ಮಾಮ ನನ್ನ ಬದಲಿ ಮಾತಾಡಿದ, ನಿಮ್ಮವ್ವ ಕಿವ್ಯಾಗ ಒದರಿದಳು. ನೀ ಬಂದು ಬೆಳಕಿಗಿ ಮಾರಿ ಮಾಡಿ ಕುಂತಿ. ಕಿವಿ ಹೋದ ಮ್ಯಾಲ ನನ್ನ ಮುಂದ ಯಾರೂ ಹಂಗ ಕುಂತಿದ್ದಿಲ್ಲ."

"ಅದು ಅಂಜಿಕಿಗಿ ಕುಂತದ್ದು ರೀ. ತಪ್ಪು ಮಾಡಿದ್ದೆನಲ್ಲ, ಅದರ ಅಂಜಿಕಿ."

"ಅದೂ ಗೊತ್ತಿತ್ತು." ಅವರು ಹಗ್ಗ ಬಿಟ್ಟು ನನ್ನ ಸೆರಗನ್ನು ಭುಜದ ಮೇಲೆ ಸರಿಮಾಡಿದರು. "ಇಷ್ಟು ವರ್ಷದಾಗ ನನ್ನ ಎದುರಿಗಿ ನಿಂತು ಒಂದಿನಾನೂ ಬಾಯಿ ಮುಚ್ಚಿ ಮಾತಾಡಿದಾಕಿ ಅಲ್ಲ ನೀ. ಇವತ್ತ ಮುಚ್ಚಿದಿ. ಇನ್ನೊಮ್ಮೆ ಹಂಗ ಮಾಡಬ್ಯಾಡ."